ಮನೆಯ ಗೋಧಿಯಿಂದ ಮನೆಯ ಬ್ರೆಡ್



ಅಂಗಡಿಯಿಂದ ತಂದ ಬ್ರೆಡ್ಡಿನ ಹೋಳನ್ನು ಕೈಗೆತ್ತಿಕೊಂಡಾಗ ಅದರ ಗೋಧಿ ಯಾವ ಹೊಲದ್ದೆಂದು ನಾವು ಕೇಳುವುದು ಅಪರೂಪ. ಒಂದು ಕಾಲದಲ್ಲಿ ಈ ಪ್ರಶ್ನೆಯ ಉತ್ತರ ಇಡೀ ರಾಷ್ಟ್ರಕ್ಕೆ ನೋವಿನದಾಗಿತ್ತು. 1965ರಲ್ಲಿ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ವಾರಕ್ಕೆ ಒಂದು ಹೊತ್ತಿನ ಊಟ ತ್ಯಜಿಸುವಂತೆ ಜನತೆಯನ್ನು ಕೋರಿದ್ದರು. ಮರುವರ್ಷ ಸುಮಾರು 1 ಕೋಟಿ ಟನ್ ಆಹಾರಧಾನ್ಯವನ್ನು ಹೊರದೇಶಗಳಿಂದ ತರಿಸಬೇಕಾಯಿತು. ಅದೇ 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಗೋಧಿ ಬಂದಿತು. 1968ರಲ್ಲಿ ಗೋಧಿ ಕ್ರಾಂತಿಯ ನೆನಪಿಗೆ ಅಂಚೆಚೀಟಿಯೂ ಹೊರಬಂದಿತು. ರಾಷ್ಟ್ರ ಗಳಿಸಿದ ಈ ಸ್ವಾವಲಂಬನೆಯನ್ನು ಒಂದು ಕುಟುಂಬವೂ ಗಳಿಸಬಹುದೇ?

ಮೊದಲು ಲೆಕ್ಕ ನೋಡೋಣ. ಒಂದು ಗುಂಟೆ ಎಂದರೆ ಸುಮಾರು 100 ಚದರ ಮೀಟರ್. ಅದಕ್ಕೆ ಬೇಕಾದ ಬೀಜ 1 ಕಿಲೋ. ಹೆಕ್ಟೇರಿಗೆ 25 ಕ್ವಿಂಟಲ್ ಇಳುವರಿಯಂತೆ ಗುಂಟೆಗೆ 25 ಕಿಲೋ ಕಾಳು ದೊರೆಯುತ್ತದೆ. 400 ಗ್ರಾಂ ಬ್ರೆಡ್ಡಿಗೆ ಸುಮಾರು 250 ಗ್ರಾಂ ಹಿಟ್ಟು ಸಾಕು. ಬೀಜಕ್ಕೆ ಎತ್ತಿಟ್ಟು, ಹಸನು ಮಾಡುವಾಗಿನ ನಷ್ಟವನ್ನು ಕಳೆದರೂ, ನಾಲ್ಕು ದಿನಕ್ಕೊಂದರಂತೆ ವರ್ಷವಿಡೀ ಬ್ರೆಡ್ ಆಗುತ್ತದೆ.

ಘಟ್ಟದ ನೆತ್ತಿಯಲ್ಲಿರುವ ಈ ಇಗತಪುರಿ ಮಳೆಯ ಊರು. ಇಲ್ಲಿನ ಮುಂಗಾರು ಬೆಳೆ ಭತ್ತ ಮತ್ತು ರಾಗಿ. ಗೋಧಿಗೆ ಬೇಕಾದುದು ಚಳಿ. ಆದುದರಿಂದ ಭತ್ತದ ಕಟಾವಿನ ನಂತರ, ಬಾವಿಯಲ್ಲಿ ನೀರುಳಿದ ಕಡೆ ಮಾತ್ರ ಈ ಬೆಳೆ ಸಾಧ್ಯ. ಇದೇ ನಾಸಿಕ ಜಿಲ್ಲೆಯ ನಿಫಾಡದಲ್ಲಿ ಗೋಧಿ ಸಂಶೋಧನಾ ಕೇಂದ್ರವಿದೆ. ಅಲ್ಲಿಂದ ಬಂದ 'ತ್ರ್ಯಂಬಕ', 'ತಪೋವನ' ತಳಿಗಳು ಬ್ರೆಡ್ ಗೋಧಿಯ ಜಾತಿಗೆ ಸೇರಿದವು. 'ಗೋದಾವರಿ' ಡ್ಯೂರಮ್ ಜಾತಿಯದು.

ಈ ಭೇದವನ್ನು ಮರೆತರೆ ಶ್ರಮವೆಲ್ಲ ವ್ಯರ್ಥ. ಹಿಟ್ಟನ್ನು ನಾದಿದಾಗ ಗ್ಲುಟೆನ್ ಎಂಬ ಅಂಟು ಜಾಲದಂತೆ ಹಬ್ಬಿ, ಹುದುಗಿನ ಅನಿಲವನ್ನು ಹಿಡಿದಿಡುತ್ತದೆ. ಡ್ಯೂರಮ್‌ನಲ್ಲಿ ಹಾಗೂ ಮರಾಠಿಯ ಖಪ್ಲಿ, ಅಂದರೆ ನಮ್ಮ ಉತ್ತರ ಕರ್ನಾಟಕದ ಸದಕ ಗೋಧಿಯಲ್ಲಿ ಆ ಅಂಟಿಗೆ ಅಷ್ಟು ಹಿಗ್ಗುವ ಗುಣವಿಲ್ಲ. ಅವು ಶಾವಿಗೆಗೂ ಹುಗ್ಗಿಗೂ ಶ್ರೇಷ್ಠ, ಉಬ್ಬಿದ ಬ್ರೆಡ್ಡಿಗಲ್ಲ.

ನವೆಂಬರ್ ಮೊದಲ ಪಕ್ಷದಲ್ಲಿ ಬಿತ್ತನೆ ಯೋಗ್ಯ. ಬಿತ್ತಿದ ಸುಮಾರು 21ನೆಯ ದಿನ, ಮುಖ್ಯ ಬೇರುಗಳು ಮೂಡುವ ಹೊತ್ತಿಗೆ ನೀರು ತಪ್ಪಿಸಬಾರದು. ಹೂ ಬಿಡುವಾಗ ಮತ್ತು ಕಾಳಿನಲ್ಲಿ ಹಾಲು ತುಂಬುವಾಗಲೂ ನೀರು ಅವಶ್ಯ. ಸುಮಾರು ನಾಲ್ಕು ತಿಂಗಳಿಗೆ ತೆನೆ ಕೊಯ್ದು, ಬಡಿದು, ಮೊರದಲ್ಲಿ ತೂರಿ, ಕಾಳನ್ನು ಚೆನ್ನಾಗಿ ಒಣಗಿಸಬೇಕು.

ಹುದುಗನ್ನೂ ಕೊಳ್ಳಬೇಕಾಗಿಲ್ಲ. ಅದೇ ಹಿಟ್ಟನ್ನು ನೀರಿನಲ್ಲಿ ಕಲಸಿಟ್ಟು, ದಿನವೂ ಸ್ವಲ್ಪ ಭಾಗ ತೆಗೆದು ಹೊಸ ಹಿಟ್ಟು ನೀರು ಸೇರಿಸುತ್ತಿದ್ದರೆ, ಒಂದು ವಾರದ ಆಸುಪಾಸಿನಲ್ಲಿ ಅದು ತಾನೇ ಉಬ್ಬತೊಡಗುತ್ತದೆ. ಇಡೀ ಗೋಧಿಯ ತವುಡು ಅಂಟಿನ ಜಾಲವನ್ನು ಕಡಿಯುವುದರಿಂದ, ಮನೆಯ ಬ್ರೆಡ್ ಅಂಗಡಿಯ ಮೈದಾ ಬ್ರೆಡ್ಡಿನಷ್ಟು ಹಗುರಾಗದು. ಇದು ದೋಷವಲ್ಲ, ನಾರಿನ ಅಂಶ ಉಳಿದಿರುವ ಗುರುತು.

ಉಪ್ಪನ್ನು ಹೇಗೂ ಕೊಳ್ಳಲೇಬೇಕು. ಸಂಪೂರ್ಣ ಸ್ವಾವಲಂಬನೆ ಯಾರಿಗೂ ಸಾಧ್ಯವಿಲ್ಲ. ಆದರೆ ಗೋಧಿ ಬಹುಮಟ್ಟಿಗೆ ಸ್ವಪರಾಗಸ್ಪರ್ಶದ ಬೆಳೆಯಾದುದರಿಂದ, ಉಳಿಸಿದ ಬೀಜ ಮರುವರ್ಷವೂ ತಳಿಗುಣವನ್ನು ಕಾಯ್ದುಕೊಳ್ಳುತ್ತದೆ. ಹಾಗೆ ಬೀಜ ಉಳಿಸಿ ಬಿತ್ತುವ ರೈತನ ಹಕ್ಕನ್ನು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಮಾನ್ಯ ಮಾಡಿದೆ.

ಎಲ್ಲರಿಗೂ ಒಂದು ಗುಂಟೆ ನೆಲವಿರದು. ಕೇವಲ ಒಂದು ಚದರ ಮೀಟರಿನಲ್ಲಿ ಬಿತ್ತಿದರೂ ಒಂದು ಬ್ರೆಡ್ಡಿನಷ್ಟು ಕಾಳು ಬಂದೀತು. ನಾಲ್ಕು ತಿಂಗಳು ಕಾದು ಆ ಒಂದು ಬ್ರೆಡ್ ಸುಟ್ಟ ಮನೆಯ ಮಕ್ಕಳು ತಟ್ಟೆಯಲ್ಲಿ ಚೂರನ್ನೂ ಬಿಡಲಾರರು. ರೈತನ ಶ್ರಮವನ್ನು ತಿಳಿಯಲು ಇದಕ್ಕಿಂತ ಸುಲಭವಾದ ಪಾಠ ಮತ್ತೊಂದಿಲ್ಲ.