ಫೀಜು ಕಟ್ಟಿದ ಮೇಲೂ ಉಳಿಯುವ ಖರ್ಚು

(ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿವೇತನ ಸಮಿತಿಯ ಪರವಾಗಿ ಆಡಿದ ಮಾತು)



ಮೊದಲು ನಮ್ಮದೇ ತಪ್ಪನ್ನು ಹೇಳಿಬಿಡುತ್ತೇವೆ. ಪದವಿ ಮಕ್ಕಳ ಫೀಜು ಕಟ್ಟಿದರೆ ನಮ್ಮ ಜವಾಬ್ದಾರಿ ಮುಗಿಯಿತೆಂದು ತಿಳಿದಿದ್ದೆವು. ಗುಂಡ್ಲುಪೇಟೆಯ ಬಿ.ಕಾಂ. ಹುಡುಗನೊಬ್ಬ ಕೊನೆಯ ವರ್ಷ, ಇಂಟರ್ನ್‌ಶಿಪ್ ಬಿಡುತ್ತೇನೆ ಎಂದು ಬಂದಾಗ ಗೊತ್ತಾಯಿತು. ಕಾಲೇಜು ಬಿಟ್ಟ ಮೇಲೆ ಗ್ಯಾರೇಜಿನಲ್ಲಿ ದುಡಿದು ಮನೆಗೆ ಕೊಡುತ್ತಿದ್ದವನು. ಚಾಮರಾಜನಗರದ ಆಡಿಟರ್ ಕಚೇರಿಯಲ್ಲಿ ಸಂಜೆವರೆಗೆ ಕೂತರೆ ಆ ಕೂಲಿ ಹೋಯಿತು, ದಿನಾ ಬಸ್ ಚಾರ್ಜು ಬೇರೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ, ಹುಡುಗರಿಗಿಲ್ಲ. ವಿದ್ಯಾರ್ಥಿ ಪಾಸು ಕಾಲೇಜಿನ ದಾರಿಗಷ್ಟೇ.

ಯುಜಿಸಿ ಲೆಕ್ಕದಲ್ಲಿ ಇಂಟರ್ನ್‌ಶಿಪ್ಪಿನ ಒಂದು ಕ್ರೆಡಿಟ್ಟಿಗೆ 30 ಗಂಟೆ ಕೆಲಸ. ಅದು ಕಡ್ಡಾಯವಿರುವ ಕೋರ್ಸಿನಲ್ಲಿ ಉಳಿದೆಲ್ಲ ವಿಷಯ ಪಾಸಾದರೂ ಅದಿಲ್ಲದೆ ಪದವಿ ಕೈಗೆ ಬರದು. ಸಂಬಳ ಸಿಗಲೇಬೇಕೆಂದೂ ಇಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ಸ್ಟೈಪೆಂಡ್ ಅಪ್ರೆಂಟಿಸ್ ಆಗಿ ನೋಂದಾಯಿಸಿಕೊಂಡವರಿಗೆ. ಕಾಲೇಜಿನ ಪತ್ರ ಹಿಡಿದು ಹೋದವರಿಗಲ್ಲ.

ಆ ಹುಡುಗನಿಗೆ ಸಮಿತಿಯವರೇ ಕೈಯಿಂದ ಹಾಕಿ ಕೊಟ್ಟೆವು. ವರದಿ ಒಪ್ಪಿಸಿ ಮುಗಿಸಿದ, ಅಲ್‌ಹಮ್ದುಲಿಲ್ಲಾಹ್. ಆದರೆ ಪ್ರತಿ ಸಲ ಹೀಗೆ ಜೇಬು ತಡಕಿ ನಡೆಯುವ ಕೆಲಸವಲ್ಲ ಇದು. ಹಾಗಾಗಿ ಈ ವರ್ಷದ ಅರ್ಜಿಯಲ್ಲಿ ಇಂಟರ್ನ್‌ಶಿಪ್ ನೆರವಿಗೆಂದೇ ಒಂದು ಕಾಲಂ ಸೇರಿಸಿದ್ದೇವೆ. ಕಾಲೇಜಿನ ಪತ್ರ, ಕಚೇರಿಯ ಒಪ್ಪಿಗೆ ಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ಲಗತ್ತಿಸಿ. ಇಂಟರ್ನ್‌ಶಿಪ್ ಶುರುವಾಗುವ ಮೊದಲೇ ಬನ್ನಿ. ಗ್ಯಾರೇಜಿನಲ್ಲೋ ಅಂಗಡಿಯಲ್ಲೋ ದುಡಿಯುತ್ತಿದ್ದರೆ ಸಂಕೋಚಪಡದೆ ಅದನ್ನೂ ಬರೆಯಿರಿ. ಎಷ್ಟು ಕೂಲಿ ತಪ್ಪುತ್ತದೆ ಎಂದು ನಮಗೂ ತಿಳಿಯಲಿ.