ಬೆಳಗಾವಿಗೆ ಹೋದ ಹೆಣ್ಣುಮಕ್ಕಳು



ಇವತ್ತು ಪಾಟಿ ಸ್ವಲ್ಪ ಬದಿಗಿಡ್ರಿ. ಇಬ್ಬರು ಹೆಣ್ಣುಮಕ್ಕಳ ಸುದ್ದಿ ಹೇಳ್ತೀವಿ. ಇಬ್ಬರೂ ಹುಬ್ಬಳ್ಳಿಯಲ್ಲಿ ಬಾಳಿದವರು.

1924ನೇ ಇಸವಿ, ಡಿಸೆಂಬರ್ ತಿಂಗಳು. ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿಯೇ ಅಧ್ಯಕ್ಷರು. ಸಾವಿರಾರು ಜನ ಕೂಡಿದರು. ಅಷ್ಟು ಜನರಿಗೆ ನೀರು, ಊಟ, ಇರಲು ಜಾಗ ಆಗಬೇಕಲ್ಲ? ಆ ಕೆಲಸಕ್ಕೆ ಸ್ವಯಂಸೇವಕಿಯರನ್ನು ಕೂಡಿಸಿದವರು ಉಮಾಬಾಯಿ ಕುಂದಾಪುರ. ಹಿಂದಿನ ವರ್ಷವಷ್ಟೇ ಅವರ ಗಂಡ ತೀರಿಕೊಂಡಿದ್ದರು. ಆಗ ವಿಧವೆ ಅಂದ್ರೆ ಮೂಲೆ ಹಿಡಿದು ಕೂಡಬೇಕು. ಆದರೆ ಮಾವ ಆನಂದರಾಯರು ಸೊಸೆಯ ಬೆನ್ನಿಗೆ ನಿಂತರು. ಉಮಾಬಾಯಿ ಊರೂರು ತಿರುಗಿದರು. 150ಕ್ಕೂ ಹೆಚ್ಚು ಹೆಣ್ಣುಮಕ್ಕಳು ಹೊರಟು ಬಂದರು. ಅವರಲ್ಲಿ ವಿಧವೆಯರೂ ಇದ್ದರು.

ನಿಮ್ಮನ್ನು ಕರೆಯಲು ನಾವೂ ಮನೆ ಮನೆಗೆ ಬಂದೆವು. "ಅತ್ತೆ ಬಿಡೂದಿಲ್ಲ" ಅನ್ನೋ ಮಾತು ಎಷ್ಟು ಸಲ ಕೇಳಿದೆವೋ! ಆ ಕಾಲದಲ್ಲಿ 150 ಜನರನ್ನು ಹೊರಡಿಸಿದ್ದು ಹೇಗೆ ಅಂತ ನಮಗೆ ಇನ್ನೂ ಅಚ್ಚರಿ.

ಅದೇ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಒಬ್ಬರು ಗಂಗೂಬಾಯಿ ಹಾನಗಲ್. ಆಗ ಅವರಿಗೆ 11 ವರ್ಷ. ಗಾಂಧೀಜಿ ಮುಂದೆ ಹಾಡುವ ಸಂತೋಷ ಒಂದು ಕಡೆ. ಇನ್ನೊಂದು ಕಡೆ ಜಾತಿಯ ಅಂಜಿಕೆ. ಊಟ ಆದ ಮೇಲೆ ಎಂಜಲೆಲೆ ತೆಗೆ ಅಂತ ತನಗೇ ಹೇಳಿದರೆ? ಮುಂದೆ ದೊಡ್ಡ ಗಾಯಕಿಯಾದ ಮೇಲೂ ಅವರು ಈ ಅಂಜಿಕೆಯನ್ನು ನೆನಪು ಮಾಡಿಕೊಂಡರು.

ಧಾರವಾಡದಲ್ಲಿ ಅವರ ಮನೆ ಹತ್ತಿರ ಒಬ್ಬ ಸಾಹುಕಾರರ ತೋಟವಿತ್ತು. ಮಕ್ಕಳಲ್ಲವೇ, ಮಾವಿನಕಾಯಿ ಕಿತ್ತರು. ಬೈಗಳು ಬಿದ್ದವು. ಕದ್ದದ್ದಕ್ಕಲ್ಲ, ಹಾಡುವವಳ ಮಗಳು ತಮ್ಮ ತೋಟಕ್ಕೆ ಕಾಲಿಟ್ಟಳು ಅಂತ! ದಾರಿಯಲ್ಲಿ ಹೋದರೆ "ಗಾನೇವಾಲಿ ಬಂದಳು" ಅಂತ ಅಣಕಿಸುತ್ತಿದ್ದರು. ವರ್ಷಗಳ ಮೇಲೆ ಅದೇ ಸಾಹುಕಾರರ ಮನೆಯವರು ಅವರನ್ನು ಕರೆದು ಊಟಕ್ಕೆ ಕೂಡಿಸಿದರು.

ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಬಲ್ಲವರು. ಹೆಸರಾಂತ ಅಬ್ದುಲ್ ಕರೀಂ ಖಾನರೂ ಅವರ ಹಾಡು ಕೇಳಲು ಬರುತ್ತಿದ್ದರು. ಮಗಳು ಹಿಂದೂಸ್ತಾನಿ ಸಂಗೀತ ಕಲಿಯಲು ಹೊರಟಳು. ತನ್ನ ಹಾಡು ಅವಳ ಕಿವಿಗೆ ಬಿದ್ದರೆ ಕಲಿಕೆ ಕೆಟ್ಟೀತು ಅಂತ ಆ ತಾಯಿ ಹಾಡುವುದನ್ನೇ ಬಿಟ್ಟರು. ನಮ್ಮ ಮಕ್ಕಳಿಗಾಗಿ ನಾವೂ ಊಟ ಬಿಡ್ತೀವಿ, ನಿದ್ದೆ ಬಿಡ್ತೀವಿ. ಗೊತ್ತಿದ್ದ ಹಾಡು ಬಿಡೋದು ಸುಲಭವಲ್ರಿ.

16ಕ್ಕೆ ಮದುವೆ, ಮೂರು ಮಕ್ಕಳು. ಆದರೂ ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತರು. 2002ರಲ್ಲಿ ಪದ್ಮವಿಭೂಷಣ ಬಂತು. 2009ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು.

ಉಮಾಬಾಯಿ 1932ರಲ್ಲಿ ಯರವಡಾ ಜೈಲು ಸೇರಿದರು. ಒಳಗಿದ್ದಾಗಲೇ ಮಾವನವರು ತೀರಿಕೊಂಡ ಸುದ್ದಿ ಬಂತು. ಹೊರಗೆ ಬಂದು ನೋಡಿದರೆ ಛಾಪಖಾನೆ ಸರಕಾರದ ಕೈಯಲ್ಲಿ, ಶಾಲೆಗೆ ಬೀಗ. ಜೈಲಿಂದ ಬಿಡುಗಡೆಯಾದ ಎಷ್ಟೋ ಹೆಣ್ಣುಮಕ್ಕಳಿಗೆ ಮರಳಿ ಹೋಗಲು ಮನೆ ಇರಲಿಲ್ಲ. ಉಮಾಬಾಯಿಯ ಸಣ್ಣ ಮನೆಯ ಬಾಗಿಲು ಅವರಿಗೆ ತೆರೆದಿತ್ತು. ಅವರು ನೂರು ವರ್ಷ ಬಾಳಿ 1992ರಲ್ಲಿ ತೀರಿಕೊಂಡರು.

ಈಗ ಪಾಟಿ ತಗೊಳ್ರಿ. ಉ, ಗ ಎರಡೂ ಕಲಿತದ್ದಾಗಿದೆ. ಇಬ್ಬರ ಹೆಸರೂ ಬರೆಯೋಣ. ಅದರ ಕೆಳಗೆ ನಿಮ್ಮ ನಿಮ್ಮ ತಾಯಿಯ ಹೆಸರು.