ನಕ್ಕವರ ಪರವಾಗಿ ನಾಲ್ಕು ಮಾತು

(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳು ಇದೇ ಮೇಜಿನ ಬಳಿ ಒಂದು ಸಣ್ಣ ಪ್ರಸಂಗ ನಡೆಯಿತು. ಹಗಲೆಲ್ಲ ಉಪಹಾರಗೃಹದಲ್ಲಿ ದುಡಿದು ಸಂಜೆ ಪತ್ರಿಕೆ ಓದಲು ಬರುವ ತರುಣನೊಬ್ಬ ಮೊಬೈಲಿನಲ್ಲಿ ಏನನ್ನೋ ನೋಡುತ್ತ ಕುಳಿತಿದ್ದ. ಪಕ್ಕದವರು ಇಣುಕಿದರು. ಇಬ್ಬರು ಹುಡುಗರು ಒಬ್ಬರನ್ನೊಬ್ಬರು ಪ್ರೀತಿಸುವ ಥಾಯ್ ಧಾರಾವಾಹಿ ಅದು. ನಗು ಎದ್ದಿತು. ತರುಣ ಮೊಬೈಲನ್ನು ಜೇಬಿಗೆ ಸೇರಿಸಿ ಹೊರಟುಹೋದ. ಅಂದಿನಿಂದ ಅವನು ಇತ್ತ ಬಂದಿಲ್ಲ. ನಕ್ಕವರಲ್ಲಿ ನಾವೂ ಇದ್ದೆವು. ಆದುದರಿಂದಲೇ ಈ ಭಾಷಣ. ಅವನ ಹೆಸರನ್ನು ಯಾರೂ ಇಲ್ಲಿ ಎತ್ತಬಾರದೆಂದು ಮೊದಲೇ ವಿನಂತಿ.

ನಕ್ಕಮೇಲೆ ನೋಡುವುದು ನಮ್ಮ ಕರ್ತವ್ಯವೆನಿಸಿತು. ಧಾರಾವಾಹಿಯ ಹೆಸರು ‘ಟುಗೆದರ್’. ಒಟ್ಟು 13 ಕಂತುಗಳು. 2020ರ ಫೆಬ್ರವರಿಯಿಂದ ಮೇ ತನಕ ಥಾಯ್ಲೆಂಡಿನಲ್ಲಿ ಪ್ರಸಾರವಾಯಿತು. ಆ ವರ್ಷದ ಮಾರ್ಚ್ 25ರಂದು ನಮ್ಮ ದೇಶವೆಲ್ಲ ಬಾಗಿಲು ಹಾಕಿಕೊಂಡಿತೆಂಬುದು ನೆನಪಿರಬೇಕು. ಹೋಟೆಲುಗಳು ಮುಚ್ಚಿ, ಗಾಡಿಗಳು ನಿಂತು, ಒಂದೊಂದು ಖೋಲಿಯಲ್ಲಿ ಹತ್ತು ಮಂದಿ ದಿನ ಕಳೆದ ಕಾಲ. ಅಂಥಲ್ಲಿ ಒಬ್ಬೊಬ್ಬನಿಗೆ ತನ್ನದೆಂದು ಇದ್ದ ಜಾಗ ಅಂಗೈಯಗಲದ ಮೊಬೈಲು ಮಾತ್ರ.

ಕಥೆ ಸರಳ. ಟೈನ್ ಎಂಬ ಕಾಲೇಜು ಹುಡುಗನ ಹಿಂದೆ ಇನ್ನೊಬ್ಬ ಹುಡುಗ ಬೀಳುತ್ತಾನೆ. ಅವನನ್ನು ದೂರವಿಡಲು ಟೈನ್, ಗಿಟಾರ್ ನುಡಿಸುವ ಸರಾವತ್ ಎಂಬವನಲ್ಲಿಗೆ ಹೋಗಿ, ‘ನನ್ನ ಪ್ರಿಯಕರನಂತೆ ನಟಿಸು’ ಎಂದು ಬೇಡುತ್ತಾನೆ. ನಟನೆ ನಿಜವಾಗುತ್ತದೆ. ಸರಾವತ್ ಅವನನ್ನು ಹಿಂದೆಯೇ ಒಂದು ಸಂಗೀತ ಕೂಟದಲ್ಲಿ ಕಂಡು ಮೆಚ್ಚಿದ್ದನೆಂಬುದು ಆಮೇಲೆ ತಿಳಿಯುತ್ತದೆ.

ಇದರಲ್ಲಿ ಏನು ಸೊಗಸು? ನಾವು ಕಂಡುಕೊಂಡದ್ದು ಇಷ್ಟು: ಈ ಕಥೆಯಲ್ಲಿ ಪ್ರೀತಿಗೆ ಶಿಕ್ಷೆಯಿಲ್ಲ. ಅವರ ತೊಂದರೆಗಳೆಲ್ಲ ಎಲ್ಲ ಪ್ರೇಮಿಗಳ ತೊಂದರೆಗಳೇ. ಅವನಿಗೆ ನಾನು ಇಷ್ಟವೋ ಇಲ್ಲವೋ, ಇಂದೇಕೆ ಮಾತಾಡಲಿಲ್ಲ—ಇಂಥವು. ನಮ್ಮ ಚಲಚ್ಚಿತ್ರಗಳಲ್ಲಿ ಇಂಥ ಪಾತ್ರ ಬಂದರೆ ಬಹುಕಾಲ ಅದು ನಗಿಸಲಿಕ್ಕೆ ಬಂದದ್ದು. ಯಕ್ಷಗಾನದಲ್ಲಿ ಇಬ್ಬರು ಗಂಡಸರು ಕೃಷ್ಣ-ಸತ್ಯಭಾಮೆಯರಾಗಿ ಶೃಂಗಾರವಾಡಿದರೆ ಬೆಳಗಿನ ತನಕ ಕುಳಿತು ನೋಡುವವರು ನಾವು. ಅಲ್ಲಿ ಒಬ್ಬನು ಹೆಣ್ಣಾಗಲೇಬೇಕು. ಇಲ್ಲಿ ಇಬ್ಬರೂ ಹುಡುಗರಾಗಿಯೇ ಉಳಿಯುತ್ತಾರೆ. ಹೊಸದು ಅದೊಂದೇ.

ಇಂಥ ಕಥೆಗಳ ಮೂಲ 1970ರ ದಶಕದ ಜಪಾನಿನಲ್ಲಿ, ಹೆಣ್ಣುಮಕ್ಕಳಿಗಾಗಿ ಹೆಣ್ಣುಮಕ್ಕಳೇ ಬರೆದ ಚಿತ್ರಕಥೆಗಳಲ್ಲಿದೆ. ಇಂದಿಗೂ ನೋಡುವವರಲ್ಲಿ ಹುಡುಗಿಯರು ಬಹಳ. ಹುಟ್ಟಿನಿಂದಲೇ ಒಬ್ಬರು ಯಜಮಾನರಾಗಿರದ ಪ್ರೀತಿಯನ್ನು ನೋಡುವ ಆಸೆ ಅವರದೆಂದು ನಮ್ಮ ಊಹೆ. ಹಾಗಾಗಿ ನೋಡುವವನನ್ನು ಕಂಡು ‘ಇವನು ಅಂಥವನು’ ಎಂದು ತೀರ್ಮಾನಿಸುವುದು ಅವಿವೇಕ. ಅಂಥವನೇ ಆಗಿದ್ದರೂ ನಗುವುದಕ್ಕೆ ಅದು ಕಾರಣವಲ್ಲ.

ಕೊರತೆಯನ್ನೂ ಹೇಳಬೇಕು. ಇದು ಬಹಳ ಸಿಹಿಯಾದ ಪಾಯಸ. ಧಾರಾವಾಹಿ ಬಂದಾಗ ಥಾಯ್ಲೆಂಡಿನಲ್ಲಿಯೂ ಇಂಥ ಜೋಡಿಗೆ ಮದುವೆಯ ಹಕ್ಕಿರಲಿಲ್ಲ. ಅದು ಜಾರಿಗೆ ಬಂದದ್ದು 2025ರ ಜನವರಿ 23ರಂದು. ನಮ್ಮ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಈ ಪ್ರೀತಿ ಅಪರಾಧವಲ್ಲವೆಂದಿತು. 2023ರ ಅಕ್ಟೋಬರ್ 17ರಂದು ಮದುವೆಯ ಹಕ್ಕನ್ನು ಮಾನ್ಯಮಾಡಲು ಒಪ್ಪಲಿಲ್ಲ. ಪಾಯಸ ಉಂಡವನು ಏಳುವುದು ಈ ಊರಿನ ಖೋಲಿಯಲ್ಲಿಯೇ.

ಆ ಖೋಲಿಯ ಕಥೆ ಬೇಕಾದರೆ ನಮ್ಮವರೇ ಹೇಳಿದ್ದಾರೆ. ಮಂಡ್ಯದಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ಶ್ರೀಧರ ರಂಗಾಯನರು 2018ರಲ್ಲಿ ‘ಈವನಿಂಗ್ ಶ್ಯಾಡೋಸ್’ ಎಂಬ ಹಿಂದಿ ಚಿತ್ರ ಮಾಡಿದರು. ಮುಂಬಯಿಯಲ್ಲಿರುವ ಮಗ ದಕ್ಷಿಣದ ಸಣ್ಣ ಊರಿಗೆ ಹೋಗುತ್ತಾನೆ. ಮನೆಯವರು ಹೆಣ್ಣು ನೋಡಿದ್ದಾರೆ. ಮಗ ತಾಯಿಯೊಬ್ಬಳಿಗೆ ನಿಜ ಹೇಳುತ್ತಾನೆ. ರಜೆಯಲ್ಲಿ ಊರಿಗೆ ಹೋದಾಗ ‘ಮದುವೆ ಯಾವಾಗ?’ ಎಂಬ ಪ್ರಶ್ನೆ ಕೇಳದವರು ನಮ್ಮಲ್ಲಿ ಯಾರು? ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಕನ್ನಡದಲ್ಲಿಯೇ ಬಂದ ಕಥಾಸಂಕಲನ. ಜೊತೆಗಿದ್ದ ಗೆಳೆಯ ಮದುವೆಯಾಗಿ ಹೊರಟುಹೋದಮೇಲೆ ಉಳಿದವನ ಒಂಟಿತನ ಅಲ್ಲಿದೆ. ಥಾಯ್ ಕಥೆ ಕೊಡುವ ಸುಖಾಂತ್ಯದ ಬೆಲೆ ಎಷ್ಟೆಂಬುದು ಇದನ್ನು ಓದಿದಮೇಲೆ ನಮಗೆ ಅರ್ಥವಾಯಿತು. ಹಸಿದವನಿಗೆ ಪಾಯಸ ಹೆಚ್ಚಾಯಿತೆನ್ನಲು ನಾವು ಯಾರು?

ಬಂಧುಗಳೇ, ಊರು ಬಿಟ್ಟು ಬಂದ ನಮಗೆ ಈ ವಾಚನಾಲಯ ಎರಡನೆಯ ಮನೆ. ಇಲ್ಲಿ ಚಂದಾ ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ, ಏನು ಓದುತ್ತೀಯೆಂದೂ ಕೇಳುವುದಿಲ್ಲ. ಆ ಸಂಜೆ ನಾವು ಕೇಳಿದೆವು, ಬಾಯಿಂದಲ್ಲ, ನಗುವಿನಿಂದ. ‘ಮೋಹನಸ್ವಾಮಿ’ಯ ಒಂದು ಪ್ರತಿಯನ್ನು ತಂದು ಬಾಗಿಲ ಬಳಿಯ ಕಪಾಟಿನಲ್ಲಿ ಇಟ್ಟಿದ್ದೇವೆ. ಯಾರು ತೆಗೆದರು, ಯಾರು ಇಟ್ಟರು ಎಂದು ಯಾರೂ ನೋಡುವುದು ಬೇಡ. ಅವನು ಮತ್ತೆ ಬಂದರೆ ಎಂದಿನಂತೆ ಸ್ವಲ್ಪ ಸರಿದು ಬೆಂಚಿನಲ್ಲಿ ಜಾಗ ಕೊಡೋಣ, ಅಷ್ಟು ಸಾಕು.